ಜಠರದ ಕ್ಯಾನ್ಸರ್ ಆಪರೇಷನ್ ಜೊತೆಗೆ ಪಿತ್ತಕೋಶವನ್ನೂ ತೆಗೆಸಬೇಕಾ?

ಪ್ರಶ್ನೆ: ಡಾಕ್ಟರೇ, ನಮ್ಮ ಅಪ್ಪನಿಗೆ 63 ವರ್ಷ. ಊರು ವಿಜಯಪುರ ಜಿಲ್ಲೆ. ನಾನು ಮದುವೆಯಾಗಿ ಪುಣೆಯ ಪಿಂಪ್ರಿಯಲ್ಲಿದ್ದೇನೆ. ಅಪ್ಪನಿಗೆ ಜಠರದ ಮೇಲ್ಭಾಗದಲ್ಲಿ ಕ್ಯಾನ್ಸರ್ ಇದೆ. ನಾಲ್ಕು ಕೀಮೋ ಮುಗಿದಿವೆ, ಇನ್ನು ಮುಂಬೈಯಲ್ಲಿ ಆಪರೇಷನ್. ಜಠರವನ್ನು ಪೂರ್ತಿ ತೆಗೆಯುತ್ತೇವೆ ಎಂದು ಮೊದಲೇ ಹೇಳಿದ್ದರು. ಮೊನ್ನೆ ಹೋದಾಗ ಸರ್ಜನ್ ‘ಗಾಲ್‌ಬ್ಲ್ಯಾಡರ್ ಕೂಡ ಜೊತೆಗೇ ತೆಗೆದುಬಿಡೋಣ’ ಅಂದರು. ಸೋನೋಗ್ರಫಿಯಲ್ಲಿ ಕಲ್ಲು ಇಲ್ಲ. ಅಣ್ಣನಿಗೆ ಭಯ, ಕ್ಯಾನ್ಸರ್ ಅಲ್ಲಿಗೂ ಹೋಗಿದೆ, ನಮಗೆ ಹೇಳುತ್ತಿಲ್ಲ ಅಂತ. ಚಿಕ್ಕಪ್ಪ ಇದೆಲ್ಲ ಬಿಲ್ ಜಾಸ್ತಿ ಮಾಡಲು ಅನ್ನುತ್ತಾರೆ. ಚೆನ್ನಾಗಿರುವ ಅಂಗವನ್ನು ಸುಮ್ನೆ ಯಾಕೆ ತೆಗೆಸಬೇಕು? ಪಿತ್ತಕೋಶ ಹೋದರೆ ಅಪ್ಪ ಮುಂದೆ ಏನಾದರೂ ತಿನ್ನಲು ಆಗುತ್ತದಾ? ಸೋಮವಾರ ಸಹಿ ಹಾಕಬೇಕು.

ಉತ್ತರ: ಮೊದಲು ನಿಮ್ಮ ಅಣ್ಣನ ಭಯದ ವಿಷಯ ಮುಗಿಸುತ್ತೇನೆ. ಅದು ಮನಸ್ಸಿನಲ್ಲಿ ಕೂತಿದ್ದರೆ ಉಳಿದ ಯಾವ ಮಾತೂ ಕಿವಿಗೆ ಇಳಿಯುವುದಿಲ್ಲ. ಪಿತ್ತಕೋಶ ತೆಗೆಯುತ್ತೇವೆ ಅಂದರೆ ಕ್ಯಾನ್ಸರ್ ಅಲ್ಲಿಗೆ ಹೋಗಿದೆ ಎಂದಲ್ಲ. ಜಠರದ ಕ್ಯಾನ್ಸರ್ ಹಬ್ಬುವುದಾದರೆ ಸುತ್ತಲಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹಬ್ಬುತ್ತದೆ, ಲಿವರ್‌ಗೆ ಹೋಗುತ್ತದೆ, ಹೊಟ್ಟೆಯ ಒಳಪೊರೆಯ ಮೇಲೆ ಕೂರುತ್ತದೆ. ಪಿತ್ತಕೋಶಕ್ಕೆ ಹೋಗುವುದು ತುಂಬಾ ಅಪರೂಪ. ಲಿವರ್‌ಗೋ ಪೊರೆಗೋ ಹೋಗಿದ್ದರೆ ಸಾಮಾನ್ಯವಾಗಿ ಪೂರ್ತಿ ಜಠರ ತೆಗೆಯುವ ಇಷ್ಟು ದೊಡ್ಡ ಆಪರೇಷನ್‌ಗೆ ಯಾರೂ ಕೈ ಹಾಕುವುದಿಲ್ಲ. ನಾಲ್ಕು ಕೀಮೋ ಕೊಟ್ಟು, ಮತ್ತೆ ಸ್ಕ್ಯಾನ್ ಮಾಡಿ, ಆಮೇಲೆ ಆಪರೇಷನ್ ಅಂತಿದ್ದಾರೆ ಅಂದರೆ ಗುಣ ಮಾಡುವ ಗುರಿಯಿಂದಲೇ ಹೊರಟಿದ್ದಾರೆ. ಇದನ್ನು ಅಣ್ಣನಿಗೆ ಈವತ್ತೇ ಓದಿ ಹೇಳಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಚೆನ್ನಾಗಿರುವ ಅಂಗವನ್ನು ಯಾಕೆ ತೆಗೆಯಬೇಕು? ಒಳ್ಳೆಯ ಪ್ರಶ್ನೆ. ನಾನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಮುಂಬೈಯಲ್ಲಿ ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಮಾಡುತ್ತಿದ್ದೇನೆ. ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಎರಡು ಸಲ ಬದಲಾಗಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಪಿತ್ತರಸವನ್ನು ಮಾಡುವುದು ಲಿವರ್, ಪಿತ್ತಕೋಶ ಅಲ್ಲ. ದಿನಕ್ಕೆ ಅರ್ಧ ಲೀಟರ್‌ನಿಂದ ಒಂದು ಲೀಟರ್‌ವರೆಗೆ ಮಾಡುತ್ತದೆ. ಪಿತ್ತಕೋಶ ಲಿವರ್‌ನ ಕೆಳಗೆ ಅಂಟಿಕೊಂಡಿರುವ ಒಂದು ಸಣ್ಣ ಚೀಲ, ಅದರಲ್ಲಿ ಹಿಡಿಯುವುದು 30ರಿಂದ 50 ಮಿಲಿ. ಮುಂಬೈಯ ಕಟಿಂಗ್ ಚಹಾದ ಗ್ಲಾಸ್ ನೋಡಿದ್ದೀರಲ್ವಾ, ಅದೂ ಪೂರ್ತಿ ತುಂಬುವುದಿಲ್ಲ. ಊಟ ಇಲ್ಲದ ಹೊತ್ತಿನಲ್ಲಿ ಲಿವರ್‌ನಿಂದ ಬಂದ ರಸವನ್ನು ಈ ಚೀಲ ಹಿಡಿದಿಟ್ಟು, ಅದರ ನೀರನ್ನು ಹೀರಿ ಗಟ್ಟಿ ಮಾಡುತ್ತದೆ. ನಾವು ಎಣ್ಣೆ, ತುಪ್ಪ ತಿಂದಾಗ ಆ ಆಹಾರ ಜಠರದಿಂದ ಡ್ಯುಓಡಿನಮ್‌ಗೆ, ಅಂದರೆ ಸಣ್ಣ ಕರುಳಿನ ಮೊದಲ ತುಂಡಿಗೆ, ಇಳಿಯುತ್ತದೆ. ಅಲ್ಲಿಂದ ಒಂದು ಹಾರ್ಮೋನ್ ಹೊರಟು ಪಿತ್ತಕೋಶಕ್ಕೆ ‘ಹಿಂಡು’ ಅನ್ನುತ್ತದೆ. ಚೀಲ ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ. ಅಷ್ಟೇ ಅದರ ಕೆಲಸ.

ಈಗ ನಿಮ್ಮ ಅಪ್ಪನ ಆಪರೇಷನ್ ಆದ ಮೇಲೆ ಈ ವ್ಯವಸ್ಥೆ ಏನಾಗುತ್ತದೆ ನೋಡಿ. ಮೆದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ಅನ್ನುವ ನರದಿಂದ ಪಿತ್ತಕೋಶಕ್ಕೆ ಹೋಗುವ ಸಣ್ಣ ಕವಲು ಜಠರದ ಪಕ್ಕದಿಂದಲೇ ಹಾದು ಹೋಗುತ್ತದೆ. ಕ್ಯಾನ್ಸರ್‌ಗೆ ಜಠರ ತೆಗೆಯುವಾಗ ಅದರ ಸುತ್ತಲಿನ ಕೊಬ್ಬು, ಗ್ರಂಥಿ, ಲಿವರ್‌ಗೆ ಹೋಗುವ ರಕ್ತನಾಳದ ಮೇಲಿನ ಗ್ರಂಥಿಗಳು ಎಲ್ಲವನ್ನೂ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಆಪರೇಷನ್ ಅರ್ಧಂಬರ್ಧ. ಆ ಕೆಲಸದಲ್ಲಿ ನರದ ಕವಲು ಸಾಮಾನ್ಯವಾಗಿ ಹೋಗಿಬಿಡುತ್ತದೆ. ಆಮೇಲೆ ಅನ್ನನಾಳವನ್ನು ನೇರವಾಗಿ ಸಣ್ಣ ಕರುಳಿನ ಕೆಳಗಿನ ತುಂಡಿಗೆ ಹೊಲಿಯುತ್ತಾರೆ. ಅಂದರೆ ಊಟ ಇನ್ನು ಮುಂದೆ ಡ್ಯುಓಡಿನಮ್ ದಾರಿಯಲ್ಲಿ ಬರುವುದೇ ಇಲ್ಲ. ಊಟ ಬರದಿದ್ದರೆ ಆ ಹಾರ್ಮೋನ್ ಕೂಡ ಮೊದಲಿನ ಹಾಗೆ ಹೊರಡುವುದಿಲ್ಲ. ಅಲ್ಲಿಗೆ ಪಿತ್ತಕೋಶಕ್ಕೆ ನರದ ಕರೆಯೂ ಇಲ್ಲ, ಹಾರ್ಮೋನಿನ ಕರೆಯೂ ಇಲ್ಲ. ಚೀಲ ತುಂಬಿಕೊಂಡು ಸುಮ್ಮನೆ ಕೂರುತ್ತದೆ. ಇದರ ಜೊತೆಗೆ ಜಠರ ಹೋದ ಮೇಲೆ ಮೊದಲ ಕೆಲವು ತಿಂಗಳು ತೂಕ ಜೋರಾಗಿ ಇಳಿಯುತ್ತದೆ, ತೂಕ ಬೇಗ ಇಳಿದಾಗ ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಾಗುತ್ತದೆ. ನಿಂತ ರಸ, ಗಟ್ಟಿ ರಸ. ಮೊದಲು ಕೆಸರು ಕಟ್ಟುತ್ತದೆ, ಆಮೇಲೆ ಕಲ್ಲು.

ಆದ್ದರಿಂದ ಈಗ ಸೋನೋಗ್ರಫಿಯಲ್ಲಿ ಕಲ್ಲು ಇಲ್ಲ ಅನ್ನುವುದು ಪೂರ್ತಿ ಉತ್ತರ ಅಲ್ಲ. ಅದು ಆಪರೇಷನ್‌ಗೆ ಮೊದಲಿನ ಪಿತ್ತಕೋಶದ ಚಿತ್ರ. ಸರ್ಜನ್ ಯೋಚಿಸುತ್ತಿರುವುದು ಆಮೇಲಿನ ಪಿತ್ತಕೋಶದ ಬಗ್ಗೆ.

ಕಲ್ಲು ಆದರೆ ಆಗಲಿ, ಎಷ್ಟೋ ಜನರಿಗೆ ಕಲ್ಲು ಇರುತ್ತದೆ, ದೂರಬೀನಿನಲ್ಲಿ, ಅಂದರೆ ಲ್ಯಾಪರೋಸ್ಕೋಪಿಯಲ್ಲಿ, ತೆಗೆಸಿಕೊಂಡು ಮರುದಿನ ಮನೆಗೆ ಬರುತ್ತಾರೆ, ಆಮೇಲೆ ನೋಡಿಕೊಂಡರಾಯಿತು ಅಂತ ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಈ ದೂರಬೀನು ಆಪರೇಷನ್ ನಮ್ಮ ದೇಶಕ್ಕೆ ಬಂದದ್ದೇ ಮುಂಬೈಯ ಜೆ.ಜೆ. ಆಸ್ಪತ್ರೆಯಿಂದ, 1990ರಲ್ಲಿ ಡಾ. ತೆಹೆಮ್ತನ್ ಉದ್ವಾಡಿಯಾ ಅವರು ಅಲ್ಲಿ ಮೊದಲ ಸಲ ಮಾಡಿದರು. ಈಗ ಸಣ್ಣ ಊರುಗಳಲ್ಲೂ ದಿನಾ ನಡೆಯುತ್ತದೆ. ಹಾಗಾಗಿ ಅದನ್ನು ಸಣ್ಣ ವಿಷಯ ಅಂದುಕೊಳ್ಳುವುದು ಸಹಜ.

ಆದರೆ ನಿಪ್ಪಾಣಿ ಕಡೆಯ ಒಬ್ಬ ಹಿರಿಯರನ್ನು ನಾನು ಮರೆಯುವುದಿಲ್ಲ. ಹನ್ನೆರಡು ವರ್ಷದ ಹಿಂದಿನ ಮಾತು. ನಿಮ್ಮ ಅಪ್ಪನದೇ ಕಾಯಿಲೆ, ಅದೇ ಆಪರೇಷನ್. ನಾನೇ ಮಾಡಿದ್ದು. ಪಿತ್ತಕೋಶ ಚೆನ್ನಾಗಿತ್ತು, ಮುಟ್ಟಲಿಲ್ಲ. ಕ್ಯಾನ್ಸರ್ ಮಟ್ಟಿಗೆ ಅವರು ಪೂರ್ತಿ ಚೆನ್ನಾಗಿದ್ದರು, ಹೊಲಕ್ಕೆ ಹೋಗುತ್ತಿದ್ದರು. ಒಂದೂವರೆ ವರ್ಷದ ಮೇಲೆ ಒಂದು ರಾತ್ರಿ ಹೊಟ್ಟೆನೋವು, ಚಳಿಜ್ವರ, ಬೆಳಗಾಗುವಷ್ಟರಲ್ಲಿ ಕಣ್ಣು ಹಳದಿ. ಮಕ್ಕಳು ಕ್ಯಾನ್ಸರ್ ಮತ್ತೆ ಬಂತು ಅಂತಲೇ ಅತ್ತುಕೊಂಡು ಕರೆತಂದರು. ಕ್ಯಾನ್ಸರ್ ಅಲ್ಲ. ಪಿತ್ತಕೋಶದಲ್ಲಿ ಆದ ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು, ಹಿಂದೆ ನಿಂತ ರಸದಲ್ಲಿ ಕೀವಾಗಿತ್ತು.

ಬೇರೆಯವರಿಗಾದರೆ ಇದಕ್ಕೆ ದಾರಿ ಸುಲಭ. ಬಾಯಿಯಿಂದ ಎಂಡೋಸ್ಕೋಪಿ ಕೊಳವೆ ಇಳಿಸಿ, ಜಠರ ದಾಟಿ, ಡ್ಯುಓಡಿನಮ್‌ಗೆ ಹೋಗಿ, ಪಿತ್ತನಾಳದ ಬಾಯಿ ಬಿಡಿಸಿ ಕಲ್ಲನ್ನು ಎಳೆದು ತೆಗೆಯುತ್ತಾರೆ. ಇಆರ್‌ಸಿಪಿ ಅನ್ನುತ್ತಾರೆ. ನಿಪ್ಪಾಣಿಯವರಿಗೆ ಆ ದಾರಿಯೇ ಇರಲಿಲ್ಲ. ಜಠರ ತೆಗೆದು ಕರುಳನ್ನು ಬೇರೆ ಕಡೆ ಹೊಲಿದಿದ್ದವನು ನಾನೇ. ಬಾಯಿಯಿಂದ ಹೋದ ಮಾಮೂಲಿ ಕೊಳವೆ ಆ ಜಾಗಕ್ಕೆ ಮುಟ್ಟುವುದಿಲ್ಲ. ಹೊರಗಿನಿಂದ ಲಿವರ್‌ಗೆ ಸೂಜಿ ಚುಚ್ಚಿ, ನಳಿಕೆ ಇಟ್ಟು, ಕೀವು ಹೊರಗೆ ಬಿಟ್ಟು ಮೊದಲು ಜೀವ ಉಳಿಸಿಕೊಂಡೆವು. ಕೆಲವು ವಾರಗಳ ಮೇಲೆ ಹೊಟ್ಟೆ ತೆರೆದು ಪಿತ್ತಕೋಶ, ಕಲ್ಲು ಎರಡನ್ನೂ ತೆಗೆದೆ. ಮಾಮೂಲಿಯಾಗಿ ಒಂದು ಗಂಟೆಯ ಕೆಲಸ ಐದು ಗಂಟೆ ಹಿಡಿಯಿತು, ಹಳೆಯ ಆಪರೇಷನ್ನಿನ ಜಾಗದಲ್ಲಿ ಕರುಳು, ಲಿವರ್, ಪಿತ್ತನಾಳ ಎಲ್ಲ ಒಂದಕ್ಕೊಂದು ಅಂಟಿ ಕಲ್ಲಿನ ಹಾಗೆ ಆಗಿದ್ದವು. ಅವರು ಬದುಕಿದರು. ಆದರೆ ಆ ಮೂರು ತಿಂಗಳು ಆ ಮನೆ ಪಟ್ಟ ಪಾಡನ್ನು ನಾನು ನೋಡಿದ್ದೇನೆ. ಪಿತ್ತಕೋಶ ಬಿಟ್ಟಿದ್ದು ತಪ್ಪಲ್ಲ, ಆಗ ಬಹಳ ಜನ ಹಾಗೆಯೇ ಬಿಡುತ್ತಿದ್ದರು, ಈಗಲೂ ಬಿಡುತ್ತಾರೆ. ನನ್ನ ತಪ್ಪು ಬೇರೆ: ಕಲ್ಲಾಗಬಹುದು, ಹೀಗೆ ನೋವು ಬಂದರೆ ತಕ್ಷಣ ಬನ್ನಿ ಅಂತ ನಾನು ಒಂದು ಮಾತೂ ಹೇಳಿರಲಿಲ್ಲ. ಆ ಮಾತು ಹೇಳಿದ್ದರೆ ಅವರು ಅದಕ್ಕಿಂತ ಹಿಂದಿನ ಎರಡು ತಿಂಗಳು ಬಂದು ಹೋಗುತ್ತಿದ್ದ ನೋವನ್ನು ಗ್ಯಾಸ್ ಅಂತ ನುಂಗಿಕೊಳ್ಳುತ್ತಿರಲಿಲ್ಲ.

ಅದಾದ ಮೇಲೆ ಕೆಲವು ವರ್ಷ ನಾನು ಜಠರದ ಜೊತೆ ಪಿತ್ತಕೋಶವನ್ನು ತಪ್ಪದೆ ತೆಗೆಯುತ್ತಿದ್ದೆ. ಭಯದಿಂದ ಹುಟ್ಟಿದ ನಿಯಮ ಅದು. ಅದನ್ನೂ ಆಮೇಲೆ ಸಡಿಲ ಮಾಡಿದೆ. ಯಾಕೆ ಅಂತ ಹೇಳುತ್ತೇನೆ.

ಇಟಲಿಯಲ್ಲಿ ಇದೇ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಅಧ್ಯಯನ ಮಾಡಿದರು. ಜಠರ ಕ್ಯಾನ್ಸರ್ ಆಪರೇಷನ್ ಆದ 130 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದು ಗುಂಪಿಗೆ ಪಿತ್ತಕೋಶ ತೆಗೆದರು, ಇನ್ನೊಂದಕ್ಕೆ ಬಿಟ್ಟರು. ಸುಮಾರು ಐದು ವರ್ಷ ನೋಡಿದರು. ಬಿಟ್ಟವರ ಗುಂಪಿನಲ್ಲಿ 8 ಜನರಿಗೆ ಕಲ್ಲೋ ಕೆಸರೋ ಕಂಡಿತು. ಆದರೆ ಅದರಿಂದ ನಿಜವಾಗಿ ತೊಂದರೆ ಅನುಭವಿಸಿದವರು 3 ಜನ ಮಾತ್ರ. ಅಂದರೆ ಕಲ್ಲಾಗುವುದು ನಿಜ, ಆದರೆ ಹೆಚ್ಚಿನವರಿಗೆ ಆ ಕಲ್ಲು ಏನೂ ಮಾಡುವುದಿಲ್ಲ. ಎಲ್ಲರ ಪಿತ್ತಕೋಶ ತೆಗೆದರೆ ಬಹುಪಾಲು ಜನರಿಗೆ ಬೇಡದ್ದನ್ನೇ ಮಾಡಿದ ಹಾಗಾಗುತ್ತದೆ. ನಿಪ್ಪಾಣಿಯವರಂಥವರು ನಮ್ಮ ನೆನಪಿನಲ್ಲಿ ಉಳಿಯುತ್ತಾರೆ, ಆರಾಮಾಗಿರುವ ಹತ್ತಾರು ಜನ ನೆನಪಿಗೇ ಬರುವುದಿಲ್ಲ.

ಕೊರಿಯಾದವರು ಇನ್ನೊಂದು ದಾರಿ ನೋಡಿದರು. ಅಲ್ಲಿ ಜಠರದ ಕ್ಯಾನ್ಸರ್ ತುಂಬಾ ಜಾಸ್ತಿ, ಹಾಗಾಗಿ ಅನುಭವವೂ ಜಾಸ್ತಿ. 521 ರೋಗಿಗಳಿಗೆ, ಪಿತ್ತಕೋಶವನ್ನು ಹಾಗೇ ಬಿಟ್ಟು, ಕಲ್ಲಾಗದ ಹಾಗೆ ಉರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಅನ್ನುವ ಮಾತ್ರೆಯನ್ನು ಒಂದು ವರ್ಷ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು. ಹೋಲಿಕೆಗಾಗಿ ಕೊಟ್ಟ, ಔಷಧಿಯೇ ಇಲ್ಲದ ಹುಸಿ ಮಾತ್ರೆ ತಿಂದವರಲ್ಲಿ ವರ್ಷದೊಳಗೆ ನೂರಕ್ಕೆ ಸುಮಾರು 17 ಜನರಿಗೆ ಕಲ್ಲಾಗಿತ್ತು. ದಿನಕ್ಕೆ 300 ಮಿಗ್ರಾಂ ನಿಜವಾದ ಮಾತ್ರೆ ತಿಂದವರಲ್ಲಿ ನೂರಕ್ಕೆ ಸುಮಾರು 5. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಮಾತ್ರೆ ಇದು. ಕತ್ತಿಯ ಬದಲು ಮಾತ್ರೆ. ನನ್ನ ಅಭಿಪ್ರಾಯ ಎರಡನೇ ಸಲ ಬದಲಾದದ್ದು ಇದನ್ನು ಓದಿದ ಮೇಲೆ.

ಪಿತ್ತಕೋಶ ತೆಗೆಯುವುದರಲ್ಲಿ ಅಪಾಯ ಇಲ್ಲವೇ ಅಂದರೆ, ಇದೆ. ದೊಡ್ಡ ಆಪರೇಷನ್ ಹೇಗೂ ನಡೆಯುತ್ತಿರುತ್ತದೆ, ಹೊಟ್ಟೆ ತೆರೆದಿರುತ್ತದೆ, ಜಾಗ ಕಣ್ಣೆದುರೇ ಇರುತ್ತದೆ. ಇಪ್ಪತ್ತು, ಮೂವತ್ತು ನಿಮಿಷದ ಹೆಚ್ಚಿನ ಕೆಲಸ. ಆದರೆ ಪಿತ್ತಕೋಶದ ಕತ್ತು ಹೋಗಿ ಸೇರುವುದು ಲಿವರ್‌ನ ಮುಖ್ಯ ಪಿತ್ತನಾಳಕ್ಕೆ. ಆ ಮುಖ್ಯ ನಾಳಕ್ಕೆ ಗಾಯವಾದರೆ ದೊಡ್ಡ ಅನಾಹುತ. ಸಾವಿರಕ್ಕೆ ಮೂರ್ನಾಲ್ಕು ಅನ್ನುವಷ್ಟು ಅಪರೂಪ, ಆದರೂ ಇದೆ. ಅದಕ್ಕಿಂತ ಸಾಮಾನ್ಯ ಅಂದರೆ ಪಿತ್ತರಸ ಸೋರುವುದು. ಗೋವಾದ ವಾಸ್ಕೋದಿಂದ ಬಂದ ನಮ್ಮ ಕಡೆಯ ಒಬ್ಬ ತಾಯಿ ನೆನಪಾಗುತ್ತಾರೆ. ಅವರಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಸೋನೋಗ್ರಫಿಯಲ್ಲಿ ಒಂದು ಸಣ್ಣ ಕಲ್ಲು ಇತ್ತು, ಯಾವತ್ತೂ ನೋವು ಕೊಟ್ಟಿರಲಿಲ್ಲ. ಹೇಗೂ ಹೊಟ್ಟೆ ತೆರೆದಿದೆ ಅಂತ ಪಿತ್ತಕೋಶವನ್ನೂ ತೆಗೆದರು. ರಸ ಸೋರಿತು. ಜೀವಕ್ಕೆ ಅಪಾಯ ಆಗಲಿಲ್ಲ, ನಳಿಕೆ ಇಟ್ಟು ಹತ್ತು ಹದಿನೈದು ದಿನದಲ್ಲಿ ನಿಂತಿತು. ಆದರೆ ಅವರಿಗೆ ಆಪರೇಷನ್ ಆದ ಆರರಿಂದ ಎಂಟು ವಾರದೊಳಗೆ ಕೀಮೋ ಶುರು ಆಗಬೇಕಿತ್ತು, ಅದು ಮುಂದೆ ಹೋಯಿತು. ನನಗೆ ಬೇಸರ ಆಗಿದ್ದು ಆ ವಿಳಂಬಕ್ಕೆ. ಕ್ಯಾನ್ಸರ್ ಆಪರೇಷನ್‌ನಲ್ಲಿ ಜೊತೆಗೆ ಮಾಡುವ ಯಾವ ಕೆಲಸವನ್ನೂ ನಾನು ಈಗ ಹೀಗೇ ಅಳೆಯುತ್ತೇನೆ. ಇದರಿಂದ ಮುಂದಿನ ಕೀಮೋ ತಪ್ಪುವ ಸಾಧ್ಯತೆ ಹೆಚ್ಚುತ್ತದಾ, ಕಡಿಮೆ ಆಗುತ್ತದಾ?

ಈ ಲೆಕ್ಕ ಎರಡೂ ಕಡೆ ಬೀಳುತ್ತದೆ. ನಿಮ್ಮ ಅಪ್ಪನಿಗೆ ಆಪರೇಷನ್ ಆದ ಮೇಲೆ ಇನ್ನೂ ನಾಲ್ಕು ಕೀಮೋ ಇರಬಹುದು, ಮೊದಲು ನಾಲ್ಕು ಕೊಟ್ಟಿದ್ದಾರೆ ಅಂದರೆ ಸಾಮಾನ್ಯವಾಗಿ ಹಾಗೇ. ಆ ಕೀಮೋ ನಡುವೆ ಬಿಳಿ ರಕ್ತಕಣ ಕುಸಿದಿರುವ ಹೊತ್ತಿನಲ್ಲಿ ಪಿತ್ತಕೋಶಕ್ಕೆ ಸೋಂಕಾದರೆ ಅದು ಬಹಳ ಕಷ್ಟದ ಪರಿಸ್ಥಿತಿ. ಬಿಟ್ಟರೂ ಕೀಮೋ ತಪ್ಪಬಹುದು, ತೆಗೆದರೂ ತಪ್ಪಬಹುದು. ಎರಡರಲ್ಲಿ ಯಾವುದರ ಸಾಧ್ಯತೆ ಕಡಿಮೆ ಅನ್ನುವುದು ಒಬ್ಬೊಬ್ಬ ರೋಗಿಗೆ ಒಂದೊಂದು ಥರ.

ಆಪರೇಷನ್ ಯಾವುದು ಅನ್ನುವುದರ ಮೇಲೆ ಇದು ಎಷ್ಟು ಬದಲಾಗುತ್ತದೆ ಅಂತ ಹೇಳಿದರೆ ನಿಮಗೆ ಇನ್ನೂ ಸ್ಪಷ್ಟ ಆದೀತು. ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿ) ತಲೆಭಾಗದ ಕ್ಯಾನ್ಸರ್‌ಗೆ ಮಾಡುವ ವಿಪಲ್ ಆಪರೇಷನ್‌ನಲ್ಲಿ ಪಿತ್ತನಾಳವನ್ನೇ ಕತ್ತರಿಸಿ ಕರುಳಿಗೆ ಹೊಲಿಯುತ್ತಾರೆ. ಅಲ್ಲಿ ಪಿತ್ತಕೋಶಕ್ಕೆ ಕೆಲಸವೇ ಇಲ್ಲ, ಯಾರೂ ಬಿಡುವುದಿಲ್ಲ. ಲಿವರ್‌ನ ಬಲಭಾಗ ತೆಗೆದರೆ ಪಿತ್ತಕೋಶವೂ ಹೋಗುತ್ತದೆ. ದೊಡ್ಡ ಕರುಳಿನ ಆಪರೇಷನ್‌ನಲ್ಲಿ ಕಲ್ಲಿಲ್ಲದ ಪಿತ್ತಕೋಶವನ್ನು ಮುಟ್ಟುವ ಕಾರಣವೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನರ ಉಳಿದಿರುತ್ತದೆ, ಊಟದ ದಾರಿಯೂ ಹಾಗೇ ಇರುತ್ತದೆ, ಬೇಕಾದರೆ ಮುಂದೆ ಇಆರ್‌ಸಿಪಿಯೂ ಆಗುತ್ತದೆ.

ಇನ್ನೊಂದು ಗುಂಪು ಇದೆ. ಸಣ್ಣ ಕರುಳಿನ ನ್ಯೂರೋಎಂಡೋಕ್ರೈನ್ ಗಡ್ಡೆ, ಅಂದರೆ ಹಾರ್ಮೋನ್ ಮಾಡುವ ಜೀವಕೋಶಗಳಿಂದ ಹುಟ್ಟುವ ಗಡ್ಡೆ. ಇದು ನಿಧಾನವಾಗಿ ಬೆಳೆಯುತ್ತದೆ, ಜನ ವರ್ಷಗಟ್ಟಲೆ ಬದುಕುತ್ತಾರೆ, ಅವರಲ್ಲಿ ಹಲವರಿಗೆ ತಿಂಗಳಿಗೊಂದು ಆಕ್ಟ್ರಿಯೊಟೈಡ್ ಅಥವಾ ಲಾನ್‌ರಿಯೊಟೈಡ್ ಇಂಜೆಕ್ಷನ್ ಬೇಕಾಗುತ್ತದೆ. ಆ ಔಷಧಿಯ ಸ್ವಭಾವವೇ ಪಿತ್ತಕೋಶವನ್ನು ಮಲಗಿಸಿಬಿಡುವುದು. ಕಲ್ಲಾಗುವುದು ಅದರ ಬಹಳ ಗೊತ್ತಿರುವ ಅಡ್ಡಪರಿಣಾಮ. ಹಾಗಾಗಿ ಅವರ ಹೊಟ್ಟೆ ತೆರೆಯುವಾಗಲೇ ಪಿತ್ತಕೋಶ ತೆಗೆಯುವ ಬಗ್ಗೆ ಯೋಚಿಸಿ ಅಂತ ಪರಿಣತರ ಮಾರ್ಗಸೂಚಿಗಳೇ ಹೇಳುತ್ತವೆ. ಅಪೆಂಡಿಕ್ಸ್ ಕ್ಯಾನ್ಸರ್ ಹೊಟ್ಟೆಯ ಪೊರೆಗೆಲ್ಲ ಹರಡಿ, ಪೊರೆಯನ್ನೇ ಬಿಡಿಸಿ ತೆಗೆದು, ಒಳಗೆ 41ರಿಂದ 43 ಡಿಗ್ರಿ ಬಿಸಿಯ ಕೀಮೋ ನೀರು ಆಡಿಸುವ ಹೈಪೆಕ್ ಆಪರೇಷನ್‌ನಲ್ಲೂ ಪಿತ್ತಕೋಶವನ್ನು ಹೆಚ್ಚಾಗಿ ತೆಗೆಯುತ್ತಾರೆ. ಅದರ ಮೇಲೂ ರೋಗ ಕೂತಿರುವುದು ಒಂದು ಕಾರಣ. ಆಮೇಲೆ ಆ ಹೊಟ್ಟೆಯೊಳಗೆ ಮತ್ತೆ ಹೋಗುವುದು ಎಷ್ಟು ಕಷ್ಟ ಅಂದರೆ, ಮುಂದೆ ತೊಂದರೆ ಕೊಡಬಹುದಾದದ್ದನ್ನು ಅಲ್ಲಿ ಬಿಟ್ಟು ಬರಲು ಸರ್ಜನ್‌ಗೆ ಧೈರ್ಯ ಬರುವುದಿಲ್ಲ.

ನಡುವೆ ಒಂದು ಮಾತು. ಮುಂಬೈ, ಪುಣೆಯ ಚಾಳ್, ಸೊಸೈಟಿಗಳಲ್ಲಿ ಉತ್ತರ ಪ್ರದೇಶ, ಬಿಹಾರದ ಅಕ್ಕಪಕ್ಕದವರು ಇರುತ್ತಾರಲ್ವಾ, ಅವರು ‘ಪಿತ್ತದ ಚೀಲಕ್ಕೇ ಕ್ಯಾನ್ಸರ್ ಬರುತ್ತದೆ, ತೆಗೆಸಿಬಿಡಿ’ ಅಂತ ಹೇಳಬಹುದು. ಅವರ ಭಯಕ್ಕೆ ಕಾರಣ ಇದೆ. ಗಂಗಾ ಬಯಲಿನಲ್ಲಿ ಪಿತ್ತಕೋಶದ ಕ್ಯಾನ್ಸರ್ ನಿಜವಾಗಿಯೂ ಜಾಸ್ತಿ. ನಮ್ಮ ಕಡೆ ಅಷ್ಟಿಲ್ಲ. ಕಲ್ಲಿಲ್ಲದ, ಗೋಡೆ ತೆಳ್ಳಗಿರುವ ಪಿತ್ತಕೋಶವನ್ನು ಬರೀ ಆ ಭಯಕ್ಕೆ ತೆಗೆಸಬೇಕಾಗಿಲ್ಲ.

ಈಗ ನಿಮ್ಮ ಅಪ್ಪನ ವಿಷಯಕ್ಕೆ ಬರುತ್ತೇನೆ. ನಾನು ಅವರನ್ನು ನೋಡಿಲ್ಲ, ಸ್ಕ್ಯಾನ್ ನೋಡಿಲ್ಲ. ನೀವು ಬರೆದಷ್ಟರಿಂದ ಹೇಳುವುದಾದರೆ ನಿಮ್ಮ ಸರ್ಜನ್ ಹೇಳಿದ್ದಕ್ಕೆ ಗಟ್ಟಿ ಕಾರಣ ಇದೆ. ಅರ್ಧ ಜಠರ ತೆಗೆದು ಊಟದ ದಾರಿಯನ್ನು ಹಾಗೇ ಉಳಿಸುವ ಆಪರೇಷನ್ ಆಗಿದ್ದರೆ ನಾನು ಬಿಡಿ ಅನ್ನುತ್ತಿದ್ದೆ, ಮಾತ್ರೆ ಕೊಡಿ, ಸಾಕು. ಇಲ್ಲಿ ಪೂರ್ತಿ ಜಠರ ಹೋಗುತ್ತಿದೆ, ಡ್ಯುಓಡಿನಮ್ ದಾರಿ ಮುಚ್ಚುತ್ತದೆ, ಮುಂದೆ ಇಆರ್‌ಸಿಪಿ ಕಷ್ಟ. ಇನ್ನೊಂದು ಮುಖ್ಯ ವಿಷಯ, ಮನೆ ವಿಜಯಪುರ ಜಿಲ್ಲೆಯಲ್ಲಿ. ಮಧ್ಯರಾತ್ರಿ ಕಾಮಾಲೆ, ಚಳಿಜ್ವರ ಬಂದರೆ, ಲಿವರ್‌ಗೆ ಹೊರಗಿನಿಂದ ನಳಿಕೆ ಹಾಕುವವರು ಎಷ್ಟು ದೂರದಲ್ಲಿದ್ದಾರೆ? ಪುಸ್ತಕದಲ್ಲಿ ಈ ಪ್ರಶ್ನೆ ಇರುವುದಿಲ್ಲ, ಆದರೆ ನಾನು ಪ್ರತಿ ಸಲ ಕೇಳಿಕೊಳ್ಳುತ್ತೇನೆ. ದಾದರ್‌ನಲ್ಲೋ ಡೊಂಬಿವಲಿಯಲ್ಲೋ ಇರುವವರಿಗೆ ನಾನು ಧೈರ್ಯವಾಗಿ ಬಿಡಬಲ್ಲೆ. ಊರಿಗೆ ಹೋಗಿ ಹೊಲ ನೋಡಿಕೊಳ್ಳುವವರಿಗೆ ತೆಗೆಯುವ ಕಡೆ ವಾಲುತ್ತೇನೆ. ನಿಮ್ಮ ಅಪ್ಪನ ಜಾಗದಲ್ಲಿ ನನ್ನ ಅಪ್ಪ ಇದ್ದಿದ್ದರೆ ತೆಗೆಸುತ್ತಿದ್ದೆ, ಒಂದು ಷರತ್ತಿನ ಮೇಲೆ. ಜಠರದ ಕೆಲಸ ಮುಗಿದ ಮೇಲೆ ಅಪ್ಪನ ಬಿಪಿ, ರಕ್ತಸ್ರಾವ ಎಲ್ಲ ಸರಿಯಿದ್ದು, ಪಿತ್ತಕೋಶದ ಕತ್ತಿನ ಜಾಗ ಸ್ಪಷ್ಟವಾಗಿ ಕಂಡರೆ ಮಾತ್ರ. ಕಷ್ಟ ಅನ್ನಿಸಿದರೆ ಬಿಟ್ಟುಬಿಡಬೇಕು. ಒಳ್ಳೆಯ ಸರ್ಜನ್ ಇದಕ್ಕೆ ತಕ್ಷಣ ಒಪ್ಪುತ್ತಾರೆ.

ಬರೀ ಕಲ್ಲಾದರೆ ಕಲ್ಲು ಮಾತ್ರ ತೆಗೆದು ಚೀಲ ಉಳಿಸಲು ಆಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. 1882ರಲ್ಲಿ ಬರ್ಲಿನ್‌ನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮೊದಲ ಬಾರಿ ಪಿತ್ತಕೋಶವನ್ನೇ ತೆಗೆದದ್ದು ಇದೇ ಕಾರಣಕ್ಕೆ. ಕಲ್ಲು ಹುಟ್ಟುವುದು ಚೀಲದಲ್ಲಿ, ಚೀಲ ಇರುವವರೆಗೆ ಮತ್ತೆ ಹುಟ್ಟುತ್ತದೆ ಅನ್ನುವುದು ಅವರ ವಾದ. ಆ ವಾದ ಈಗಲೂ ನಿಂತಿದೆ.

ಚಿಕ್ಕಪ್ಪನ ಅನುಮಾನಕ್ಕೆ ಉತ್ತರ ಚಿಕ್ಕದು. ಪಿತ್ತಕೋಶಕ್ಕೆ ಬೇರೆ ಚಾರ್ಜ್ ಇದೆಯಾ ಅಂತ ಬಿಲ್ಲಿಂಗ್ ಕೌಂಟರ್‌ನಲ್ಲಿ ನೇರವಾಗಿ ಕೇಳಿ, ಬರೆದು ಕೊಡಿ ಅನ್ನಿ. ಕೇಳುವುದರಲ್ಲಿ ಸಂಕೋಚ ಬೇಡ. ಹಣದ ಅನುಮಾನ ಇಟ್ಟುಕೊಂಡು ಆಪರೇಷನ್ ಥಿಯೇಟರ್ ಹೊರಗೆ ಕೂರುವುದಕ್ಕಿಂತ ಅದು ಒಳ್ಳೆಯದು.

ಸಹಿಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಒಂದು ಮಾತು ಹೇಳಬೇಕು. ಸಹಿ ನಿಮ್ಮದಲ್ಲ, ಅಣ್ಣನದಲ್ಲ, ಅಪ್ಪನದು. ನಮ್ಮ ಕಡೆಯಿಂದ ಮುಂಬೈಯ ಪರೇಲ್‌ಗೆ ಬರುವ ಎಷ್ಟೋ ಮನೆಯವರು ಕಾರಿಡಾರ್‌ನಲ್ಲಿ ನನ್ನ ಕೈ ಹಿಡಿದು ‘ಸಾಹೇಬ್ರೇ, ಅಪ್ಪಂಗ ಹೇಳಬ್ಯಾಡ್ರಿ’ ಅನ್ನುತ್ತಾರೆ. ಆ ಪ್ರೀತಿ ನನಗೆ ಅರ್ಥ ಆಗುತ್ತದೆ. ಆದರೆ ಅಪ್ಪನಿಗೆ ಗೊತ್ತಿಲ್ಲದೆ ಅಪ್ಪನ ಹೊಟ್ಟೆಯಿಂದ ಒಂದು ಅಂಗ ತೆಗೆಯಲು ಆಗುವುದಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆಕೆ ಒಪ್ಪಿದ್ದು ಪರೀಕ್ಷೆಗೆ ಮಾತ್ರ. ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ತಾಯಿಯ ಒಪ್ಪಿಗೆ ಸಾಲದು, ಜೀವ ಉಳಿಸುವ ತುರ್ತು ಇಲ್ಲದಿದ್ದರೆ ರೋಗಿಯದೇ ಒಪ್ಪಿಗೆ ಬೇಕು ಅಂದಿತು ಕೋರ್ಟ್. ಕಲ್ಲಿಲ್ಲದ ಪಿತ್ತಕೋಶ ತುರ್ತು ಅಲ್ಲವೇ ಅಲ್ಲ. ನಿಮ್ಮ ಸರ್ಜನ್ ಮುಂಚೆಯೇ ಮಾತು ತೆಗೆದಿದ್ದಾರೆ, ಅದಕ್ಕೆ ಅವರ ಮೇಲೆ ನನಗೆ ಗೌರವ ಹುಟ್ಟಿತು. ಒಪ್ಪಿಗೆ ಪತ್ರದಲ್ಲಿ ಪಿತ್ತಕೋಶ ಅಂತ ಬೇರೆಯಾಗಿ ಬರೆದಿದೆಯಾ ನೋಡಿ. ಅಪ್ಪನಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಬರದಿದ್ದರೆ ನೀವು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿ, ಅವರು ತಲೆ ಆಡಿಸುವವರೆಗೆ ಅಲ್ಲ, ಅವರೇ ವಾಪಸ್ ಒಂದು ಪ್ರಶ್ನೆ ಕೇಳುವವರೆಗೆ.

ಅಲ್ಲಿ ಸರ್ಜನ್ ಅವರನ್ನು ನೀವು ಕೇಳಬೇಕಾದದ್ದು ಇಷ್ಟು. ಆಪರೇಷನ್ ಆದ ಮೇಲೆ ಪಿತ್ತನಾಳಕ್ಕೆ ಏನಾದರೂ ಆದರೆ ಇಲ್ಲಿ ಅದನ್ನು ನೋಡಿಕೊಳ್ಳುವವರು ಇದ್ದಾರಾ? ಬಿಡುವುದಾದರೆ ಮಾತ್ರೆ ಎಷ್ಟು ದಿನ, ಸೋನೋಗ್ರಫಿ ಯಾವಾಗ? ತೆಗೆದರೆ ಅದನ್ನೂ ಬಯಾಪ್ಸಿಗೆ ಕಳಿಸುತ್ತೀರಲ್ವಾ? ಕೊನೆಯದಕ್ಕೆ ಹೌದು ಅಂತಲೇ ಉತ್ತರ ಬರಬೇಕು, ತೆಗೆದ ಪಿತ್ತಕೋಶವನ್ನು ಪರೀಕ್ಷೆ ಮಾಡದೆ ಎಸೆಯಬಾರದು. ಅಪ್ಪ ಬೇಡ ಅಂದರೆ ಬೇಡ, ಅದೂ ಸರಿಯಾದ ನಿರ್ಧಾರವೇ, ಯಾರೂ ಒತ್ತಾಯ ಮಾಡಬೇಡಿ. ಆಗ ನಿಮ್ಮ ಕೆಲಸ ಒಂದೇ: ಬಲಪಕ್ಕೆಯ ಕೆಳಗೆ ನೋವು, ಚಳಿ ಬಂದು ಜ್ವರ, ಕಣ್ಣು ಹಳದಿ, ಇವುಗಳಲ್ಲಿ ಯಾವುದು ಬಂದರೂ ಗ್ಯಾಸ್ ಅಂತ ಸೋಡಾ ಕುಡಿಸಿ ಮಲಗಿಸದೆ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು.

ಕೊನೆಗೆ ಊಟ. ಪಿತ್ತಕೋಶ ಹೋದರೆ ಏನೂ ತಿನ್ನಲಾಗುವುದಿಲ್ಲ ಅನ್ನುವುದು ತಪ್ಪು. ಲಿವರ್ ಪಿತ್ತರಸ ಮಾಡುತ್ತಲೇ ಇರುತ್ತದೆ, ಚೀಲದಲ್ಲಿ ನಿಲ್ಲುವ ಬದಲು ಹನಿಹನಿಯಾಗಿ ನೇರ ಕರುಳಿಗೆ ಬರುತ್ತದೆ. ಕೆಲವರಿಗೆ ಎಣ್ಣೆ ಜಾಸ್ತಿ ತಿಂದರೆ ಭೇದಿ ಆಗುತ್ತದೆ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಆಗದಿದ್ದರೆ ಅದಕ್ಕೆ ಔಷಧಿ ಇದೆ. ನಿಮ್ಮ ಅಪ್ಪನ ಊಟವನ್ನು ನಿಜವಾಗಿ ಬದಲಾಯಿಸುವುದು ಜಠರ ಇಲ್ಲದಿರುವುದು. ಒಂದೇ ಸಲ ತುಂಬಾ ತಿನ್ನಲು ಆಗುವುದಿಲ್ಲ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು. ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಸಿಹಿ ಪಾನಕ, ಜ್ಯೂಸ್ ಗಟಗಟ ಕುಡಿದರೆ ಬೆವರಿ ತಲೆ ಸುತ್ತುತ್ತದೆ. ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು, ಅದನ್ನು ಮಾತ್ರ ಮರೆಯಬೇಡಿ, ಊರಿಗೆ ಹೋದ ಮೇಲೆ ಜನ ಮೊದಲು ಬಿಡುವುದೇ ಅದನ್ನು. ಜೋಳದ ರೊಟ್ಟಿ ಮೊದಲ ಕೆಲವು ವಾರ ಬೇಡ, ಆಮೇಲೆ ಬಿಸಿ ಮೆತ್ತನೆಯ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡಿ. ಶೇಂಗಾ ಹಿಂಡಿಯನ್ನು ಮೊಸರಿನಲ್ಲಿ ಕಲಸಿ ಒಂದು ಚಮಚದಿಂದ ಶುರು ಮಾಡಿ, ಒಗ್ಗಿದರೆ ಜಾಸ್ತಿ ಮಾಡಿ. ನಿಪ್ಪಾಣಿಯವರು ಪಿತ್ತಕೋಶ, ಜಠರ ಎರಡೂ ಇಲ್ಲದೆ ಹೋದ ಸಂಕ್ರಾಂತಿಗೆ ಮನೆಯ ಶೇಂಗಾ ಹೋಳಿಗೆ ತಂದುಕೊಟ್ಟು, ನನ್ನ ಎದುರೇ ಕೂತು ಒಂದನ್ನು ಅರ್ಧ ಗಂಟೆ ಅಗಿದು ತಿಂದರು.